ಫೋನ್ ಮಹಾರಾಜರು ಪವಡಿಸಿದ್ದಾರೆ, ಅಲುಗಾಡಿಸಬೇಡಿ

ಫೋನಿಗೆ ವೈರ್ ಚುಚ್ಚುವುದು ಹಳೇ ಕಾಲದ ಅಭ್ಯಾಸವಂತೆ. ಸುಮ್ನೆ ವೈರ್‌ಲೆಸ್ ಚಾರ್ಜರ್ ಅನ್ನುವ ತಟ್ಟೆಯ ಮೇಲಿಡಿ ಸಾಕು, ಚಾರ್ಜ್ ತಾನಾಗಿ ಏರುತ್ತದೆ ಅನ್ನುತ್ತಾರೆ. ಆ ತಟ್ಟೆಗೂ ಒಂದು ವೈರ್ ಇದೆ. ಜಾಹೀರಾತಿನಲ್ಲಿ ಮಾತ್ರ ಅದು ಮೇಜಿನ ಹಿಂದೆ ಅಡಗಿ ಕೂತಿರುತ್ತದೆ.

ವೈರ್ ಚುಚ್ಚಿಕೊಂಡಿದ್ದಾಗ ಫೋನ್ ಹಿಡಿದು ಮಗ್ಗುಲು ಬದಲಿಸಬಹುದಿತ್ತು, ಮಾತಾಡಬಹುದಿತ್ತು. ಈಗ ಮಹಾರಾಜರು ತಟ್ಟೆಯ ಮೇಲೆ ಪವಡಿಸಬೇಕು, ನಾವು ಪಕ್ಕದಲ್ಲಿ ಕೈಕಟ್ಟಿ ನಿಲ್ಲಬೇಕು. ಎತ್ತಿದಿರೋ, ಚಾರ್ಜ್ ನಿಂತಿತು.

ಮಲಗಿಸುವುದೂ ಸುಲಭವಲ್ಲ. ತಟ್ಟೆಯೊಳಗೆ ಒಂದು ತಾಮ್ರದ ಸುರುಳಿ, ಫೋನಿನ ಬೆನ್ನಲ್ಲಿ ಇನ್ನೊಂದು. ಕೆಳಗಿನದರಲ್ಲಿ ವಿದ್ಯುತ್ ದಿಕ್ಕು ಬದಲಿಸುತ್ತಾ ಹರಿದರೆ ಮೇಲಿನದರಲ್ಲೂ ವಿದ್ಯುತ್ ಹುಟ್ಟುತ್ತದೆ. 1831ರಲ್ಲೇ ವಿಜ್ಞಾನಿ ಫ್ಯಾರಡೆ ತೋರಿಸಿಕೊಟ್ಟ ವಿದ್ಯೆ ಇದು. ಆದರೆ ಎರಡೂ ಸುರುಳಿಗಳ ನಡು ಒಂದಕ್ಕೊಂದು ಕೂಡಬೇಕು. ಕೆಲವೇ ಮಿಲಿಮೀಟರ್ ಸರಿದರೂ ಚಾರ್ಜ್ ಕಡಿಮೆ, ಬಿಸಿ ಜಾಸ್ತಿ. ಬಿಸಿಯಾದ ಫೋನು ಸುಸ್ತಾಗಿ ಚಾರ್ಜ್ ಇನ್ನೂ ನಿಧಾನ ಮಾಡುತ್ತದೆ. ನಡುರಾತ್ರಿ ಯಾರೋ ಪುಣ್ಯಾತ್ಮರು ಶುಭರಾತ್ರಿ ಅಂತ ಕಳಿಸುತ್ತಾರೆ. ಫೋನು ಗುರ್ ಅಂತ ನಡುಗಿ ಪಕ್ಕಕ್ಕೆ ಜರುಗುತ್ತದೆ. ಬೆಳಿಗ್ಗೆ ನೋಡಿದರೆ ಬ್ಯಾಟರಿ ಕೆಂಪಾಗಿರುತ್ತದೆ.

ಜಾರುವುದನ್ನು ತಡೆಯಲು ರಬ್ಬರ್ ಬಳೆ ಬಂತು, ಅಂಚಿನ ಕಟ್ಟೆ ಬಂತು. ಅಂಟು ಹಾಳೆಯೂ ಬಂತು. ಅದು ಫೋನಿಗಿಂತ ಮೊದಲು ಧೂಳನ್ನು ಹಿಡಿದುಕೊಂಡಿತು. ಕಾರಿನಲ್ಲಂತೂ ಒಂದು ಗುಂಡಿಯನ್ನೇ ತೋಡಿಕೊಟ್ಟರು. ತಿರುವು ಬಂದಾಗಲೆಲ್ಲ ಫೋನು ಆ ಗುಂಡಿಯಲ್ಲೇ ಪ್ರದಕ್ಷಿಣೆ ಹಾಕುತ್ತದೆ.

ಎಲ್ಲಿ ಬೇಕಾದರೂ ಇಡಿ, ಎಷ್ಟು ವಕ್ರವಾಗಿ ಬೇಕಾದರೂ ಇಡಿ ಅನ್ನುವ ತಟ್ಟೆಯನ್ನು ಆಪಲ್ 2017ರಲ್ಲಿ ಘೋಷಿಸಿತು. ಹೆಸರು ಏರ್‌ಪವರ್. ನಮ್ಮ ಗುಣಮಟ್ಟ ಮುಟ್ಟಲಿಲ್ಲ ಅಂತ 2019ರ ಮಾರ್ಚ್‌ನಲ್ಲಿ ಕೈಬಿಟ್ಟಿತು. ಇಡೀ ಯೋಜನೆಯಲ್ಲಿ ಗಾಳಿಗೆ ಹೋಗದೆ ಉಳಿದದ್ದು ಏನೂ ಇಲ್ಲ.

ಕೊನೆಗೆ ಅಯಸ್ಕಾಂತ ನೆನಪಾಯಿತು. ಪಾಮ್ ಕಂಪನಿ 2009ರಲ್ಲೇ ತನ್ನ ಟಚ್‌ಸ್ಟೋನ್ ಚಾರ್ಜರ್‌ನಲ್ಲಿ ಅಯಸ್ಕಾಂತ ಇಟ್ಟು ಫೋನನ್ನು ಅಲುಗದಂತೆ ನಿಲ್ಲಿಸಿತ್ತು. ಲೋಕ ಅದನ್ನು ಮರೆತು, 2020ರಲ್ಲಿ ಐಫೋನ್ 12 ಜೊತೆ ಮ್ಯಾಗ್‌ಸೇಫ್ ಅನ್ನುವ ಅಯಸ್ಕಾಂತದ ಚಾರ್ಜರ್ ಬಂದಾಗ ಅಬ್ಬಬ್ಬಾ ಅಂತ ಬಾಯಿ ಬಿಟ್ಟಿತು. ಆಮೇಲೆ ಚೀ ಅನ್ನುವ ವೈರ್‌ಲೆಸ್ ಚಾರ್ಜಿಂಗ್ ಮಾನದಂಡಕ್ಕೂ ಎರಡನೇ ಆವೃತ್ತಿಯಲ್ಲಿ ಅಯಸ್ಕಾಂತದ ಬಳೆ ಸೇರಿತು. ಇಷ್ಟಾದ ಮೇಲೂ 2025ರಲ್ಲಿ ಅಯಸ್ಕಾಂತವೇ ಇಲ್ಲದ ದುಬಾರಿ ಫೋನುಗಳು 'ಚೀ 2 ರೆಡಿ' ಅನ್ನುವ ಬಿರುದು ಹೊತ್ತು ಬಂದವು. ಅಂದರೆ ಫೋನ್ ರೆಡಿ, ಅಯಸ್ಕಾಂತ ಇರುವ ಕವರ್ ಕೊಳ್ಳಲು ನೀವು ರೆಡಿಯಾಗಬೇಕು. ಕವರ್ ಕೊಂಡ ಮೇಲೆ ಅದರ ಬೆನ್ನಿಗೆ ಮ್ಯಾಗ್ನೆಟಿಕ್ ಪಟ್ಟಿಯ ಕಾರ್ಡ್ ತಾಗಿಸಬೇಡಿ. ಪಟ್ಟಿ ಕೆಡಬಹುದು.

ಈಗ ಹಿಡಿತವಂತೂ ಭದ್ರ. ಎಷ್ಟು ಭದ್ರ ಅಂದರೆ, ಫೋನ್ ಎತ್ತಿದರೆ ಬಿಲ್ಲೆಯಂಥ ಆ ಹಗುರ ಚಾರ್ಜರ್ ಕೂಡ ಅಂಟಿಕೊಂಡೇ ಮೇಲೇಳುತ್ತದೆ, ವೈರ್ ಜೋತಾಡುತ್ತಾ. ಇದಕ್ಕೂ ಪರಿಹಾರ ಇದೆ. ಚಾರ್ಜರನ್ನು ಮೇಜಿಗೆ ಕಚ್ಚಿಸಲು ಅಂಟಿನ ಹಾಳೆ, ಭಾರದ ಸ್ಟ್ಯಾಂಡ್ ಬೇರೆಯಾಗಿ ಮಾರುತ್ತಾರೆ. ಮೇಜನ್ನು ನೆಲಕ್ಕೆ ಕಚ್ಚಿಸುವ ಸಾಧನದ ಬಗ್ಗೆ ಇನ್ನೂ ಘೋಷಣೆ ಆಗಿಲ್ಲ.