ಕಾನೂನಿಗೆ ಸಾಕಾಗುವ ಇನ್ಶೂರೆನ್ಸ್ ನಿಮಗೆ ಸಾಕಾ?

ಕಾರ್ ಇನ್ಶೂರೆನ್ಸ್ ಮಾತು ಬಂದ ಕೂಡಲೇ ಎಲ್ಲರೂ ಕೇಳುವುದು ಒಂದೇ, "ಕಮ್ಮಿ ಅಂದ್ರೆ ಎಷ್ಟು ಮಾಡಿಸಲೇಬೇಕು?" ಕೇಳಬೇಕಾದ್ದೇ. ಆದರೆ ಉತ್ತರ ಸಿಕ್ಕ ತಕ್ಷಣ ಅಷ್ಟನ್ನೇ ಮಾಡಿಸಿ ನಿಶ್ಚಿಂತೆಯಾಗಿಬಿಡುತ್ತಾರಲ್ಲ, ಅದು ನನಗೆ ಸರಿ ಕಾಣುವುದಿಲ್ಲ.

ಕಡ್ಡಾಯ ಇನ್ಶೂರೆನ್ಸ್ ಇರುವುದು ನಿಮ್ಮ ಕಾರಿಗೋಸ್ಕರ ಅಲ್ಲ, ನೀವು ಗುದ್ದಿದವರಿಗೋಸ್ಕರ. ನಿಮ್ಮ ಬಂಪರ್ ಕಿತ್ತು ಹೋದರೆ ಸರ್ಕಾರಕ್ಕೇನು ನಷ್ಟ? ಬ್ರಿಟನ್ನಿನಲ್ಲಿ 1930ರ ಕಾಯ್ದೆ ಬಂದದ್ದೂ ಇದಕ್ಕೇ, ಭಾರತದ 1988ರ ಮೋಟಾರು ವಾಹನ ಕಾಯ್ದೆ ಥರ್ಡ್ ಪಾರ್ಟಿ ಕೇಳುವುದೂ ಇದಕ್ಕೇ.

ಭಾರತದಲ್ಲಿ ಎದುರಿನವರಿಗೆ ಗಾಯವಾದರೆ ಅಥವಾ ಜೀವ ಹೋದರೆ ಥರ್ಡ್ ಪಾರ್ಟಿ ಪಾಲಿಸಿಗೆ ಮೇಲ್ಮಿತಿ ಇಲ್ಲ. ನ್ಯಾಯಮಂಡಳಿ ಹೇಳಿದಷ್ಟು ಕಂಪನಿ ಕಟ್ಟಬೇಕು (ಲೈಸೆನ್ಸ್ ಇಲ್ಲದೆ ಓಡಿಸಿದ್ದರೆ ಆಮೇಲೆ ನಿಮ್ಮಿಂದಲೇ ವಸೂಲಿ ಮಾಡಬಹುದು, ಅದು ಬೇರೆ ಕಥೆ). ಆಸ್ತಿ ನಷ್ಟಕ್ಕೆ ಮಾತ್ರ ಖಾಸಗಿ ಕಾರಿಗೆ ಸಾಮಾನ್ಯವಾಗಿ 7.5 ಲಕ್ಷದ ಮಿತಿ. ಇದೇ ಲೆಕ್ಕ ತಲೆಯಲ್ಲಿಟ್ಟುಕೊಂಡು ಅಮೆರಿಕದಲ್ಲಿ ಕಾರು ತಗೊಂಡರೆ ಮಾತ್ರ ಕಷ್ಟ.

ಅಲ್ಲಿ ಕಮ್ಮಿ ಅಂದ್ರೆ ಎಷ್ಟರ ಕವರ್ ಮಾಡಿಸಲೇಬೇಕು ಅನ್ನುವುದಕ್ಕೆ ಒಂದೊಂದು ರಾಜ್ಯಕ್ಕೆ ಒಂದೊಂದು ಮಿತಿ. ಕ್ಯಾಲಿಫೋರ್ನಿಯಾದ್ದು 30/60/15. ಅಂದರೆ ಗಾಯಗೊಂಡ ಒಬ್ಬರಿಗೆ ಹೆಚ್ಚೆಂದರೆ 30 ಸಾವಿರ ಡಾಲರ್, ಎಷ್ಟೇ ಜನಕ್ಕೆ ಗಾಯವಾದರೂ ಎಲ್ಲರಿಗೂ ಸೇರಿ 60 ಸಾವಿರ, ಆಸ್ತಿಗೆ 15 ಸಾವಿರ. 2025 ಶುರುವಾಗುವ ತನಕ ಇದು 15/30/5 ಇತ್ತು! 5 ಸಾವಿರಕ್ಕೆ ಇವತ್ತಿನ ಕಾರಿನ ಕ್ಯಾಮೆರಾ, ಸೆನ್ಸರ್, ಹೆಡ್‌ಲೈಟ್ ಎಲ್ಲ ಸೇರಿ ಮುಂಭಾಗ ರಿಪೇರಿ ಆಗುತ್ತಾ ಹೇಳಿ?

ಸುಮ್ನೆ ಒಂದು ಲೆಕ್ಕ ಹಾಕೋಣ. ಸಿಗ್ನಲ್‌ನಲ್ಲಿ ನಿಂತಿದ್ದ 45 ಸಾವಿರ ಡಾಲರಿನ ಕಾರಿಗೆ ಹಿಂದಿನಿಂದ ಗುದ್ದಿದಿರಿ, ಗಾಡಿ ಪೂರ್ತಿ ಹೋಯಿತು. ಕಂಪನಿ 15 ಸಾವಿರ ಕೊಟ್ಟು ಕೈ ತೊಳೆದುಕೊಳ್ಳುತ್ತದೆ, ಉಳಿದ 30 ಸಾವಿರ ನಿಮ್ಮ ತಲೆ ಮೇಲೆ. ಅದನ್ನು ಓಡಿಸುತ್ತಿದ್ದವರ ಆಸ್ಪತ್ರೆ ಬಿಲ್ 80 ಸಾವಿರ ಆಯಿತು ಅಂದುಕೊಳ್ಳಿ, ಅದರಲ್ಲಿ ಇನ್ನೂ 50 ಸಾವಿರ ನಿಮ್ಮದೇ. ಕೋರ್ಟಿಗೆ ಹೋದರೆ ಅವರ ಕಣ್ಣು ನಿಮ್ಮ ಸಂಬಳ, ಉಳಿತಾಯದ ಮೇಲೆ. ಇಷ್ಟಾದ ಮೇಲೂ ನಜ್ಜುಗುಜ್ಜಾದ ನಿಮ್ಮ ಕಾರಿಗೆ ಈ ಮೂರು ಅಂಕಿಯಲ್ಲಿ ಒಂದು ಬಿಡಿಗಾಸೂ ಇಲ್ಲ, ಅದಕ್ಕೆ ಕೊಲಿಷನ್ ಕವರ್ ಬೇರೆ ತಗೊಂಡಿರಬೇಕು.

ಅಮೆರಿಕದ್ದೇ ಆದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಂತೂ ಹೆಚ್ಚಿನವರಿಗೆ ಇನ್ಶೂರೆನ್ಸೇ ಕಡ್ಡಾಯ ಅಲ್ಲ. ಹಾಗಂತ ಗುದ್ದಿದ ಮೇಲೆ ದುಡ್ಡು ಕೊಡುವ ಹೊಣೆ ತಪ್ಪುತ್ತದೆಯಾ? ಇಲ್ಲ. ಕಾನೂನಿನ ಮಿತಿ ಬೇರೆ, ನಿಮ್ಮ ಹೊಣೆ ಬೇರೆ. ಹಾಗಾಗಿ ನನ್ನ ಪ್ರಕಾರ ನೋಡಬೇಕಾದ್ದು ಮನೆ, ಉಳಿತಾಯ, ಮುಂದೆ ಬರುವ ಸಂಬಳ. ಕಳೆದುಕೊಳ್ಳಲು ಎಷ್ಟಿದೆಯೋ ಅಷ್ಟಕ್ಕಾದರೂ ಕವರ್ ಇರಬೇಕು. 100/300/100ಕ್ಕೆ ಎಷ್ಟಾಗುತ್ತದೆ ಅಂತ ಒಮ್ಮೆ ಕೇಳಿ ನೋಡಿ. ಮಿತಿ ಮೂರು ಪಟ್ಟಾದರೆ ಪ್ರೀಮಿಯಂ ಕೂಡ ಮೂರು ಪಟ್ಟಾಗುತ್ತದೆ ಅನ್ನುವ ಭಯ ಜಾಸ್ತಿ ಜನಕ್ಕಿದೆ, ಸಾಮಾನ್ಯವಾಗಿ ಹಾಗೆ ಆಗುವುದಿಲ್ಲ.

ಇನ್ನೊಂದು, ನೀವು ಕಮ್ಮಿ ಮಾಡಿಸಿದ ಹಾಗೆ ಎದುರಿನವರೂ ಕಮ್ಮಿ ಮಾಡಿಸಿರಬಹುದು ಅಲ್ವಾ? ಏನೂ ಮಾಡಿಸದೆಯೂ ಓಡಿಸುತ್ತಿರಬಹುದು. ಅನ್‌ಇನ್ಶೂರ್ಡ್ ಮತ್ತು ಅಂಡರ್‌ಇನ್ಶೂರ್ಡ್ ಮೋಟರಿಸ್ಟ್ ಕವರ್ (ಅಂಥವರು ಗುದ್ದಿದರೆ ನಿಮ್ಮ ನಷ್ಟಕ್ಕೆ ನಿಮ್ಮ ಕಂಪನಿಯೇ ಕೊಡುವುದು) ಇರುವುದು ಅದಕ್ಕೆ. ದುಡ್ಡು ಉಳಿಸಲು ಮೊದಲು ಅದನ್ನೇ ಕಿತ್ತು ಹಾಕಬೇಡಿ.