ವೀಸಾಕ್ಕೆ ಫುಲ್ ಫಾರ್ಮ್ ಇಲ್ಲ

ಮೊನ್ನೆ ಅಣ್ಣನ ಮಗಳು ಸಾಮಾನ್ಯ ಜ್ಞಾನದ ಪುಸ್ತಕ ಹಿಡಿದು ಜೋರಾಗಿ ಉರು ಹೊಡೆಯುತ್ತಿದ್ದಳು: "ವೀಸಾ ಎಂದರೆ ವಿಸಿಟರ್ಸ್ ಇಂಟರ್‌ನ್ಯಾಷನಲ್ ಸ್ಟೇ ಅಡ್ಮಿಷನ್." ಕಾಫಿ ಲೋಟ ಕೆಳಗಿಟ್ಟೆ. ಈ ಸುಳ್ಳನ್ನು ವಾಟ್ಸ್‌ಆ್ಯಪ್‌ನಲ್ಲಿ ಓದಿ ಸುಮ್ಮನಿದ್ದೆ. ಈಗ ಅದು ಪುಸ್ತಕವಾಗಿ ಅಚ್ಚಾಗಿ ಮನೆಯೊಳಗೇ ಬಂದು ಕುಳಿತಿದೆ.

ಆ ನಾಲ್ಕು ಪದಗಳನ್ನು ಒಮ್ಮೆ ಓದಿ ನೋಡಿ. ಇಂಗ್ಲಿಷ್ ಬಲ್ಲವರು ಯಾರಾದರೂ ಹಾಗೆ ಪದ ಜೋಡಿಸುತ್ತಾರೆಯೇ? ಅಕ್ಷರಕ್ಕೆ ತಕ್ಕಂತೆ ಪದ ಹುಡುಕಿ ಅಂಟಿಸಿದ್ದು ಎದ್ದು ಕಾಣುತ್ತದೆ. ಮೊದಲಕ್ಷರಗಳನ್ನು ಕೂಡಿಸಿ ಪದ ಕಟ್ಟುವ ಚಾಳಿ ಇಂಗ್ಲಿಷಿನಲ್ಲಿ ಬಲಿತದ್ದೇ 20ನೇ ಶತಮಾನದಲ್ಲಿ. ವೀಸಾ ಎಂಬ ಪದ 19ನೇ ಶತಮಾನದಲ್ಲಿಯೇ ಬಳಕೆಯಲ್ಲಿತ್ತು. ನ್ಯೂಸ್ ಎಂದರೆ ನಾರ್ತ್, ಈಸ್ಟ್, ವೆಸ್ಟ್, ಸೌತ್ ಎಂಬ ನಾಲ್ಕು ದಿಕ್ಕು ಎನ್ನುವುದೂ ಇದೇ ಜಾತಿಯ ಕಥೆ.

ನಿಜ ಸಂಗತಿ ಇಷ್ಟು ಸರಳ: ಲ್ಯಾಟಿನ್ನಿನ 'ಕಾರ್ತಾ ವೀಸಾ', ಅಂದರೆ 'ನೋಡಲಾದ ಕಾಗದ'. ಅದು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತು. ಪ್ರಯಾಣಿಕನ ಪಾಸ್‌ಪೋರ್ಟನ್ನು ಅಧಿಕಾರಿ ಪರಿಶೀಲಿಸಿ, ನೋಡಿದ್ದೇನೆ ಎಂದು ಗುರುತು ಹಾಕುತ್ತಿದ್ದ. ನಮ್ಮ ಮೇಷ್ಟರು ಕಾಪಿ ಪುಸ್ತಕದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ 'ನೋಡಿದೆ' ಎಂದು ಗೀಚಿ ಸಹಿ ಹಾಕುತ್ತಿದ್ದರಲ್ಲ, ಅದೇ ವೀಸಾ! ಅಕ್ಷರ ದುಂಡಗಿದೆಯೆಂದೋ ತಪ್ಪಿಲ್ಲವೆಂದೋ ಅದರ ಅರ್ಥವಾಗಿರಲಿಲ್ಲ. ಬರಿ ನೋಡಿದೆ, ಅಷ್ಟೇ.

ಇಂದಿಗೂ ವೀಸಾದ ಬೆಲೆ ಅಷ್ಟೇ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಅಮೆರಿಕದ ವೀಸಾ ಕೈಯಲ್ಲಿದ್ದರೆ ಅಮೆರಿಕದ ಬಾಗಿಲವರೆಗೆ ಹೋಗಬಹುದು. ಒಳಗೆ ಬಿಡುವುದೋ ಬೇಡವೋ ಎಂದು ತೀರ್ಮಾನಿಸುವವನು ವಿಮಾನ ನಿಲ್ದಾಣದಲ್ಲಿ ಕುಳಿತ ಅಧಿಕಾರಿ. ಈ 'ನೋಡಿದೆ'ಗಾಗಿ ಬೆಂಗಳೂರಿನವರು ವರ್ಷಗಟ್ಟಲೆ ರಾತ್ರಿ ಬಸ್ಸು ಹತ್ತಿ ಚೆನ್ನೈನ ಅಮೆರಿಕನ್ ಕಾನ್ಸುಲೇಟಿಗೆ ಹೋಗಿ ಸಾಲಿನಲ್ಲಿ ನಿಂತರು. ಹೈದರಾಬಾದಿನ ಬಳಿಯ ಚಿಲ್ಕೂರಿನಲ್ಲಿ 'ವೀಸಾ ಬಾಲಾಜಿ' ಎಂದೇ ಹೆಸರಾದ ದೇವರಿದ್ದಾನೆ. ಹರಕೆ ಹೊರಲು 11 ಪ್ರದಕ್ಷಿಣೆ, ಕೆಲಸವಾದ ಮೇಲೆ 108. ಭಕ್ತರನ್ನು ನಾನು ಗೇಲಿ ಮಾಡುವುದಿಲ್ಲ. ಗಾಜಿನ ಕಿಂಡಿಯ ಆಚೆಗಿನವನು ಎರಡು ನಿಮಿಷದಲ್ಲಿ ನಮ್ಮನ್ನು ತೂಗಿ ನೋಡುವಾಗ ಯಾವ ದೇವರಾದರೂ ನೆನಪಾಗುತ್ತಾನೆ.

ಹೀಗೆ ಕಾಗದ ನೋಡಿ ಒಳಗೆ ಬಿಡುವ ಪದ್ಧತಿ ನಮಗೆ ಹೊಸದಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಓಲೆಗರಿಗಳಲ್ಲಿ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ 'ಮುದ್ರಾಧ್ಯಕ್ಷ' ಎಂಬ ಅಧಿಕಾರಿ ಬರುತ್ತಾನೆ. ಒಂದು ಮಾಷಕ, ಅಂದರೆ ಆ ಕಾಲದ ಸಣ್ಣ ನಾಣ್ಯ, ಕೊಟ್ಟರೆ ಮುದ್ರೆ ಕೊಡುತ್ತಾನೆ. ಮುದ್ರೆ ಇದ್ದವರು ನಾಡಿನ ಒಳಗೆ, ಹೊರಗೆ ಓಡಾಡಬಹುದು. ಇಲ್ಲದೆ ಸಿಕ್ಕಿಬಿದ್ದ ನಾಡಿನವನಿಗೆ 12 ಪಣ ದಂಡ. ಆ ಮುದ್ರೆಗಳನ್ನು ತಪಾಸಣೆ ಮಾಡುವ ಹೊಣೆ ಮಾತ್ರ ಇನ್ನೊಬ್ಬನದು, ಹುಲ್ಲುಗಾವಲಿನ ಮೇಲ್ವಿಚಾರಕ ವಿವೀತಾಧ್ಯಕ್ಷನದು. ಕೊಡುವವನೊಬ್ಬ, ನೋಡುವವನೊಬ್ಬ! ಸರ್ಕಾರಿ ಕಚೇರಿಯ ಮಹಿಮೆ ಅಂದೂ ಹೀಗೇ ಇತ್ತು.

ಇನ್ನೊಂದು ಮಾತು ಹೇಳಲೋ ಬೇಡವೋ ಎಂದು ಅನುಮಾನವಿದೆ. ವೀಸಾದ ಹಿಂದಿರುವ ಲ್ಯಾಟಿನ್ ಧಾತು, ನೋಡು ಎಂಬ ಅರ್ಥದ 'ವಿದೇರೆ', ಸಂಸ್ಕೃತದ 'ವಿದ್' ಧಾತುವಿನ ದಾಯಾದಿ. ಅಲ್ಲಿ ನೋಡುವುದು, ಇಲ್ಲಿ ತಿಳಿಯುವುದು. ವಿದ್ಯೆ, ವಿದ್ವಾಂಸ, ವೇದ ಎಲ್ಲವೂ ಇದೇ ಬಳಗ. ಆದರೆ ಕೈಮುಗಿದು ಕೇಳಿಕೊಳ್ಳುತ್ತೇನೆ, ನಾಳೆ ಬೆಳಿಗ್ಗೆ 'ವೀಸಾ ಹುಟ್ಟಿದ್ದೇ ವೇದದಿಂದ' ಎಂದು ಫಾರ್ವರ್ಡ್ ಮಾಡಬೇಡಿ. ಇವೆರಡೂ ಒಂದೇ ಅಜ್ಜಿಯ ಮೊಮ್ಮಕ್ಕಳು, ತಾಯಿ ಮಗಳಲ್ಲ. ಕಾಸು-ವೀಸದ ನಮ್ಮ ವೀಸಕ್ಕಂತೂ, ಹದಿನಾರರಲ್ಲೊಂದು ಪಾಲಿಗೆ, ಇದರೊಡನೆ ಯಾವ ನಂಟೂ ಇಲ್ಲ. ಅರ್ಜಿ ತಿರಸ್ಕೃತವಾದರೂ ಕಟ್ಟಿದ ಶುಲ್ಕದಲ್ಲಿ ಒಂದು ವೀಸವೂ ವಾಪಸು ಬರುವುದಿಲ್ಲ ಎನ್ನುವುದನ್ನು ಬಿಟ್ಟರೆ.

ಇದನ್ನೆಲ್ಲ ಹುಡುಗಿ ಬಾಯಿ ಬಿಟ್ಟುಕೊಂಡು ಕೇಳಿದಳು. ಕೊನೆಗೆ, "ಚಿಕ್ಕಪ್ಪ, ಪರೀಕ್ಷೆಯಲ್ಲಿ ಯಾವುದನ್ನು ಬರೆಯಲಿ?" ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅಣ್ಣ ಒಳಗಿನಿಂದಲೇ ಕೂಗಿದ: "ಪುಸ್ತಕದಲ್ಲಿ ಇರುವುದನ್ನೇ ಬರೆ, ಒಂದು ಅಂಕ ಕಳೆದುಕೊಳ್ಳಬೇಡ." ನಮ್ಮಿಬ್ಬರ ಜಗಳ ಇನ್ನೂ ಮುಗಿದಿಲ್ಲ.