ಬೈದರೆ ಬಿಡುತ್ತಾರೆ ಅನ್ನುವವರಿಗೆ

ಚಿಗರಿ ಬಸ್ಸಿನಲ್ಲಿ ಎಸಿ ಇದ್ದರೂ ನಿನ್ನೆ ನನ್ನ ತಲೆ ಕಾದು ಹೋಯಿತು. ಧಾರವಾಡದಿಂದ ಹುಬ್ಬಳ್ಳಿಗೆ ಬರುತ್ತಿದ್ದೆ. ಮುಂದಿನ ಸೀಟಿನಲ್ಲಿ ಮೂವತ್ತೈದರ ಆಸುಪಾಸಿನವನೊಬ್ಬ, ತೊಡೆ ಮೇಲೆ ಆಸ್ಪತ್ರೆಯ ಫೈಲು, ಗುಳಿಗೆಯ ಚೀಲ. ಕುಡಿತ ಬಿಡಿಸಲು ಅಡ್ಮಿಟ್ ಮಾಡಿದ್ದವನನ್ನು ಡಿಸ್ಚಾರ್ಜ್ ಮಾಡಿಸಿ ಮನೆಗೆ ಕರೆದೊಯ್ಯುತ್ತಿದ್ದರು. ನನಗೆ ಹೇಗೆ ಗೊತ್ತಾಯಿತು ಅಂತೀರಾ? ಇಡೀ ಬಸ್ಸಿಗೇ ಗೊತ್ತಾಯಿತು. ಟೋಲ್ ನಾಕಾದಲ್ಲಿ ಶುರು ಮಾಡಿದ ಅವನ ಕಾಕಾ ಉಣಕಲ್ ಬಂದರೂ ನಿಲ್ಲಿಸಲಿಲ್ಲ.

“ಮಂದ್ಯಾಗ ಮಾರಿ ತೋರಸದಂಗ ಮಾಡಿದಿ. ನಿಮ್ಮವ್ವ ನಿನ್ನ ಚಿಂತಿ ಹಚ್ಚಿಕೊಂಡ ಸತ್ತಳು. ಇನ್ನ ಒಂದ್ ಹನಿ ಬಾಯಾಗ ಹೋಗಲಿ, ನಿನ್ನ ಹೆಣಕ್ಕ ಹೆಗಲು ಕೊಡಾಕೂ ಬರೂದಿಲ್ಲ ನೋಡು.”

ಅವನು ಏನೂ ಮಾತಾಡಲಿಲ್ಲ. ಮೊಣಕಾಲು ಮಾತ್ರ ಒಂದೇ ಸಮ ಅಲುಗುತ್ತಿತ್ತು.

ಆ ಕಾಕಾ ಫೇಸ್‌ಬುಕ್‌ನಲ್ಲಿ ಇರಲಿಕ್ಕಿಲ್ಲ. ಆದರೆ ಅವರಂಥವರು ನನ್ನ ಫ್ರೆಂಡ್ ಲಿಸ್ಟಿನಲ್ಲೇ ಬೇಕಾದಷ್ಟು ಇದ್ದಾರೆ. ಓದಿ.

ಒತ್ತಡ ಬಿದ್ದಾಗ ಮೆದುಳಿನ ಹೈಪೋಥಲಾಮಸ್‌ನಿಂದ ಸಿಆರ್‌ಎಫ್ ಅನ್ನುವ ರಾಸಾಯನಿಕ ಹೊರಡುತ್ತದೆ. ಅದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೆ ಹೇಳುತ್ತದೆ, ಪಿಟ್ಯುಟರಿ ಎಸಿಟಿಎಚ್ ಅನ್ನುವ ಹಾರ್ಮೋನ್ ಬಿಡುತ್ತದೆ, ಅದು ಕಿಡ್ನಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗೆ ತಲುಪಿ ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನ್ ಸುರಿಸುತ್ತದೆ. ನಿಮಗೂ ನನಗೂ ಆದರೆ ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ವರ್ಷಗಟ್ಟಲೆ ಕುಡಿದವರಲ್ಲಿ ಈ ವ್ಯವಸ್ಥೆಯೇ ಕೆಟ್ಟಿರುತ್ತದೆ. ಬಿಟ್ಟ ಹೊಸತರಲ್ಲಿ ಸುಮ್ನೆ ಕೂತಾಗಲೂ ಕಾರ್ಟಿಸಾಲ್ ಏರಿಯೇ ಇರಬಹುದು, ನಿಜವಾದ ಕಷ್ಟ ಬಂದಾಗ ಮಾತ್ರ ಏರಬೇಕಾದಷ್ಟು ಏರುವುದಿಲ್ಲ. ಬೆಕ್ಕು ಹಾದು ಹೋದರೆ ಬಡಕೊಂಡು, ಕಳ್ಳ ಬಂದಾಗ ಸುಮ್ಮನಿರುವ ಕಾರಿನ ಅಲಾರಾಂ ಹಾಗೆ. ಇನ್ನು ಭಯವನ್ನು ನೋಡಿಕೊಳ್ಳುವ ಮೆದುಳಿನ ಭಾಗ ಅಮಿಗ್ಡಲಾದಲ್ಲಿ ಅದೇ ಸಿಆರ್‌ಎಫ್ ಜಾಸ್ತಿಯಾಗಿ ನಿದ್ದೆ ಕೆಡುತ್ತದೆ, ಕೂತಲ್ಲಿ ಕೂರಲು ಬಿಡುವುದಿಲ್ಲ. ಇದನ್ನೆಲ್ಲ ತಕ್ಷಣ ತಣ್ಣಗೆ ಮಾಡುವ ವಸ್ತು ಯಾವುದು ಅಂತ ಆ ದೇಹಕ್ಕೆ ಚೆನ್ನಾಗಿ ಗೊತ್ತಿದೆ. ಓಣಿಯ ತಿರುವಿನಲ್ಲೇ ಸಿಗುತ್ತದೆ ಬೇರೆ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ರಜಿತಾ ಸಿನ್ಹಾ ಮತ್ತು ಅವರ ತಂಡ ಇದನ್ನೇ ಪರೀಕ್ಷಿಸಿದೆ. ಚಿಕಿತ್ಸೆಯಲ್ಲಿದ್ದವರಿಗೆ ಅವರದೇ ಬದುಕಿನ ಒತ್ತಡದ ಪ್ರಸಂಗಗಳನ್ನು ಕೇಳಿಸಿದರು. ಕುಡಿಯುವ ತುಡಿತ ಎದ್ದು ನಿಂತಿತು. ಮನೆಗೆ ಹೋದ ಮೇಲೆ 90 ದಿನ ಅವರ ಬೆನ್ನು ಹತ್ತಿದರು. ಆ ತುಡಿತ ಜಾಸ್ತಿ ಇದ್ದವರು, ಎಸಿಟಿಎಚ್‌ಗೆ ಹೋಲಿಸಿದರೆ ಕಾರ್ಟಿಸಾಲ್ ಜಾಸ್ತಿ ಇದ್ದವರು ಬೇಗ ಹೊಳ್ಳಿ ಕುಡಿದಿದ್ದರು. 2011ರಲ್ಲೇ ಪ್ರಕಟವಾದ ಅಧ್ಯಯನ ಇದು. ಅಲ್ಲಿ ಲ್ಯಾಬಿನಲ್ಲಿ ಹುಷಾರಾಗಿ ಮಾಡಿದ್ದನ್ನು ನಮ್ಮ ಕಾಕಾ ಬಸ್ಸಿನಲ್ಲಿ ಪುಕ್ಕಟೆ ಮಾಡಿ ತೋರಿಸಿದರು.

ನಮ್ಮ ಅಣ್ಣನೂ ಕುಡಿತಕ್ಕೆ ಬಿದ್ದಿದ್ದವನೇ, ಆ ಕಥೆ ಪೂರ್ತಿ ಬಿಡಿಸಿ ಹೇಳುವುದಿಲ್ಲ. ಅವನು ಬಿಟ್ಟು ನೆಟ್ಟಗಾಗಿದ್ದಾಗ ಗದಗದಲ್ಲಿ ಒಂದು ಗೃಹಪ್ರವೇಶ. ಪಂಕ್ತಿಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದೆವು. ಹೋಳಿಗೆ ಬಡಿಸುತ್ತಿದ್ದ ಹಿರಿಯರೊಬ್ಬರು, “ಏನಪಾ, ಇವತ್ತರ ಹೊಟ್ಟಿಗಿ ಅನ್ನ ಹಾಕ್ತೀಯೋ, ಅದನ್ನs ಹಾಕ್ತೀಯೋ?” ಅಂದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅಣ್ಣನೂ ನಕ್ಕ. ಅವತ್ತು ರಾತ್ರಿ ಅವನು ಮನೆಗೆ ಬರಲಿಲ್ಲ. ಮರುದಿನ ಅದೇ ಹಿರಿಯರು ಫೋನ್ ಮಾಡಿ, “ನಾ ಹೇಳಿರಲಿಲ್ಲೇನು?” ಅಂತ ಕೇಳಿದರು. ಹೌದು ಸ್ವಾಮಿ, ನೀವೇ ಹೇಳಿದ್ದಿರಿ!

ಈಗ ಬರುತ್ತದೆ ಎಲ್ಲರ ಪ್ರೀತಿಯ ಪ್ರಶ್ನೆ. “ನಮಗೂ ಟೆನ್ಷನ್ ಅದ, ನಾವೇನು ಕುಡಿತೀವೇನು?” ಇಲ್ಲ, ಕುಡಿಯೋದಿಲ್ಲ. ನಿಮ್ಮ ಅಲಾರಾಂ ಕೆಟ್ಟಿಲ್ಲ, ಅದಕ್ಕೆ. ಅದು ನಿಮ್ಮ ದೊಡ್ಡಸ್ತಿಕೆಯೇನಲ್ಲ. ಹಾಗಾದರೆ ಕಾರ್ಟಿಸಾಲ್ ಮೇಲೆ ಹಾಕಿ ಕುಡುಕ ತಪ್ಪಿಸಿಕೊಳ್ಳಬಹುದಾ ಅಂತ ಇನ್ನೊಬ್ಬರು ಕೇಳುತ್ತಾರೆ. ತಪ್ಪಿಸಿಕೊಳ್ಳಲಿ ಅಂತ ನಾನೆಲ್ಲಿ ಹೇಳಿದೆ? ಅವ್ವನ ಪಾಟ್ಲಿ ಒತ್ತೆ ಇಟ್ಟು ಕುಡಿದದ್ದಕ್ಕೆ ಅಣ್ಣನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವನು ನಗುತ್ತಾ ಚಹಾ ಕುಡಿಯುವಾಗಲೂ ಒಮ್ಮೊಮ್ಮೆ ಮೈ ಉರಿಯುತ್ತದೆ. ಆ ಸಿಟ್ಟು ನನ್ನದು. ಅದನ್ನು ಔಷಧಿ ಅಂತ ಅವನಿಗೆ ಕುಡಿಸುವುದಿಲ್ಲ ಅಷ್ಟೇ.

ಹೊಡೆತ ತಿನ್ನುವ ಹೆಂಡತಿ ಬಾಯಿ ಮುಚ್ಚಿಕೊಂಡಿರಲಿ ಅಂತಲೂ ನಾನು ಹೇಳುತ್ತಿಲ್ಲ. ಆಕೆ ತವರಿಗೆ ಹೋಗಲಿ, ಪೊಲೀಸರಿಗೆ ಹೇಳಲಿ. ಕೈಗೆ ರೊಕ್ಕ ಕೊಡಬೇಡಿ, ಸಾಲಕ್ಕೆ ಜಾಮೀನು ನಿಲ್ಲಬೇಡಿ, ಗಾಡಿ ಕೀಲಿ ತೆಗೆದಿಟ್ಟುಕೊಳ್ಳಿ. ಅದೆಲ್ಲ ಸರಿ. ಮಂದಿ ಮುಂದೆ ಮಾನ ಕಳೆಯುವುದು, ಸಿದ್ಧಾರೂಢ ಮಠಕ್ಕೆ ಕರೆದೊಯ್ದು ಊರೆಲ್ಲ ಸೇರಿಸಿ ಆಣೆ ಹಾಕಿಸಿ ಆಮೇಲೆ ದಿನಾ ಅದನ್ನೇ ಎತ್ತಿ ಆಡುವುದು, ಇದು ಬೇರೆ. ಅಜ್ಜನ ಗದ್ದುಗೆ ಮುಂದೆ ನಾನೂ ಕೈ ಮುಗಿಯುತ್ತೇನೆ, ಆದರೆ ಆಣೆ ಹಾಕಿದ ಮಾತ್ರಕ್ಕೆ ನಿದ್ದೆ ಬರುವುದಿಲ್ಲ. ಮೊದಲ ಕೆಲವು ತಿಂಗಳು ಹೊತ್ತಿಗೆ ಸರಿಯಾಗಿ ಊಟ, ನಿದ್ದೆ, ಡಾಕ್ಟರು ಬರೆದ ಗುಳಿಗೆ, ತಪ್ಪದೆ ಫಾಲೋಅಪ್. ಸಾಲದ ಲೆಕ್ಕ ರಾತ್ರಿ ಹತ್ತಕ್ಕೆ ತೆಗೆಯಬೇಡಿ, ಬೆಳಿಗ್ಗೆ ತೆಗೆಯಿರಿ. ಹೊಳ್ಳಿ ಕುಡಿದರೆ ಅದೇ ದಿನ ಆಸ್ಪತ್ರೆಗೆ ಫೋನ್ ಮಾಡಿ, ಬೀಗರಿಗಲ್ಲ.

ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ. ಅಲ್ಲಿವರೆಗೆ ಹೋಗಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಕುಡಿಯುವವರಷ್ಟೇ ಅಲ್ಲ, ಮನೆಯವರೂ ಮಾಡಬಹುದು. ಆ ಕಾಕಾನೂ ಮಾಡಬಹುದು. ಉಣಕಲ್‌ವರೆಗೆ ಅಷ್ಟು ಕೂಗಾಡಿದರಲ್ಲ, ಅವರ ಕಾರ್ಟಿಸಾಲೂ ಕಮ್ಮಿ ಇರಲಿಕ್ಕಿಲ್ಲ.